ಇಳಿಯುವಾಗ ಮಾತಿಲ್ಲ

ಫೆಬ್ರವರಿ 4

ಕೆಳಗೆ ಬಸ್ಸು ಓಡಿಸುವವನಿಗೆ, ಮೇಲೆ ವಿಮಾನ ಓಡಿಸುವವಳಿಂದ,

ಕೊಡುತ್ತೇವೆ ಎಂದದ್ದು: ವರ್ಷ ತುಂಬಿದ ಮೇಲೆ ಸಂಬಳ ಏರಿಕೆ. ವಿಮಾನದ ಶೆಡ್ಡಿಗೆ ಹತ್ತಿರ, ಸಂಸಾರ ಇರಬಹುದಾದ ಮನೆ. ವಾರಕ್ಕೊಂದು ದಿನ, ಯಾರೂ ಫೋನ್ ಮಾಡಿ ಕರೆಯದಂಥ ರಜೆ. ಹೆಗಲ ಮೇಲೆ ಕ್ಯಾಪ್ಟನ್ನಿನ ನಾಲ್ಕನೇ ಪಟ್ಟಿ.

ಕೊಡದೆ ಇದ್ದದ್ದು: ಸಂಬಳ ಏರಿಕೆ. ಮನೆ. ರಜೆ. ಪಟ್ಟಿ.

ಏನೂ ಕೊಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಕಂಪನಿಯ ಹೆಸರು ಬರೆದ ಒಂದು ದೊಡ್ಡ ಕೊಡೆ ಕೊಟ್ಟಿದ್ದಾರೆ. ಅದೂ ನನಗಲ್ಲ, ಧಣಿ ಮೆಟ್ಟಿಲಿಳಿಯುವಾಗ ಅವರ ತಲೆಗೆ ಹಿಡಿಯಲಿಕ್ಕೆ.

ಇಲ್ಲಿ ಬಂದು ಮೂರನೇ ವರ್ಷ ನಡೆಯುತ್ತಿದೆ. 'ವಿಮಾನ ವಿಭಾಗ' ಅಂತ ಬೋರ್ಡಿದೆ. ಒಳಗೆ ಬಂದು ನೋಡಿದರೆ ಒಂದು ಶೆಡ್ಡು, ಒಂದು ವಿಮಾನ, ಮೂರು ಜನ. ಎಡ ಸೀಟಿನಲ್ಲಿ ಕೂರುವ ಹಿರಿಯರು, ಬಲ ಸೀಟಿನಲ್ಲಿ ನಾನು, ರೆಕ್ಕೆಯ ಕೆಳಗೆ ರಿಪೇರಿ ಮಾಡುವ ಸ್ಪ್ಯಾನರ್ ಮಾವ. ಪೈಲಟ್ ಅಂದರೆ ಕೋಟು, ಟೋಪಿ, ಗತ್ತು ಅಂತ ನಿನ್ನ ಡಿಪೋದವರು ಅಂದುಕೊಂಡಿದ್ದಾರಲ್ಲ, ಅವರಿಗೆ ಹೇಳು. ಧಣಿಯ ಸೂಟ್‌ಕೇಸು ಹೊರುವುದು ನಾನು. ಕಾಫಿ ತರಿಸುವುದು ನಾನು. ಜಮಖಾನೆ ಗುಡಿಸುವುದು ನಾನು. ಕಕ್ಕಸಿನ ತೊಟ್ಟಿ ಖಾಲಿ ಮಾಡುವುದೂ ನಾನೇ. ಮೂರು ಪಟ್ಟಿಯ ಬಿಳಿ ಅಂಗಿಯ ಮೇಲೆ ಏಪ್ರನ್ ಕಟ್ಟಿಕೊಂಡು, ಗ್ಲೌಸ್ ಹಾಕಿಕೊಂಡು, ದೊಡ್ಡವರು ಮೋಡದ ಮೇಲೆ ಬಿಟ್ಟದ್ದನ್ನು ನೆಲದ ಮೇಲೆ ಹೊತ್ತು ಚೆಲ್ಲುತ್ತೇನೆ. ನನ್ನಜ್ಜಿ ಮಾಡಿದ ಕೆಲಸವನ್ನು ಬಿಟ್ಟು ದೂರ ಬಂದೆ ಅಂದುಕೊಂಡಿದ್ದೆ. ಅದು ರೆಕ್ಕೆ ಕಟ್ಟಿಕೊಂಡು ಹಿಂದೆಯೇ ಬಂತು.

ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ನಾಚಿಕೆ ಪಡಬೇಕಾದವರು ಬೇರೆ. ಅವರ ಲೆಕ್ಕದಲ್ಲಿ ಚಕ್ರ ನೆಲ ಬಿಟ್ಟಾಗ ಮಾತ್ರ ನಾನು ಕೆಲಸದಲ್ಲಿದ್ದೇನೆ. ಗುರುತಿಲ್ಲದ ಊರುಗಳ ವಿಮಾನ ನಿಲ್ದಾಣದ ಸೋಫಾಗಳಲ್ಲಿ, ಅವರ ಮೀಟಿಂಗು ಮುಗಿಯಲಿ ಅಂತ ಬೆಳಗಿನಿಂದ ಸಂಜೆವರೆಗೆ ಕಾಯುತ್ತೇನಲ್ಲ, ಅದು ಆರಾಮವಂತೆ.

ನನ್ನ ಕೋಣೆ ನಿನಗೆ ಗೊತ್ತು. ಕೆಳಗೆ ಟೈರ್ ಅಂಗಡಿ, ಮೇಲೆ ನಾನು, ಒಂದು ಮಂಚ, ಒಂದು ತಟ್ಟೆ. ನಿನ್ನೆ ಗೋಡೆ ಅಳೆದೆ. ಮಗಳ ಪುಟ್ಟ ಮಂಚ ಹಿಡಿಯುತ್ತದೆ, ಆದರೆ ಆಮೇಲೆ ಬಾಗಿಲು ತೆರೆಯುವುದಿಲ್ಲ. ಪಕ್ಕದ ಬೀದಿಯಲ್ಲಿ ಎರಡು ಕೋಣೆಯ ಮನೆಯೊಂದು ಖಾಲಿ ಇದೆ. ಏರಿಕೆ ಬಂದರೆ ಅದನ್ನು ಹಿಡಿಯಬಹುದು. ನೀನು ಡಿಪೋ ಬಿಟ್ಟು ಬರಬಹುದು. ಜೂನ್‌ಗೆ ಮಗಳನ್ನು ಇಲ್ಲಿಯ ಶಾಲೆಗೆ ಹಾಕಬಹುದು. ನನಗೆ ಹಣ ಮುಖ್ಯವಲ್ಲ ಅಂತ ದೊಡ್ಡ ಮಾತಾಡುವುದಿಲ್ಲ. ಹಣ ಬೇಕು. ಅದರಿಂದ ನೀವಿಬ್ಬರೂ ಬೇಕು.

ಹಿರಿಯರು ಬುದ್ಧಿ ಹೇಳಿದ್ದಾರೆ: "ಅವರ ಮೂಡ್ ನೋಡ್ಕೊಂಡು ಕೇಳಮ್ಮ." ಈ ತಿಂಗಳು ಕೇಳುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಹೋದ ಸಲ ಏನಾಯಿತು, ನೆನಪಿದೆಯಲ್ಲ. ಮಗಳು ಹಲ್ಲು ಬಿದ್ದ ಕಥೆ ಶುರು ಮಾಡಿದ್ದಳು, ಧಣಿಯ ಆಫೀಸಿನ ಕರೆ ನಡುವೆ ನುಗ್ಗಿತು, ನಾನು ಕಟ್ ಮಾಡಿದೆ. ಆ ಹಲ್ಲು ಹೇಗೆ ಬಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಫೋನು ಅವರದು. ಕಾಗದ ನಮ್ಮದು.

ಮಗಳಿಗೆ ಕೆಂಪು ಚಪ್ಪಲಿ ಕಳಿಸಿದ್ದೇನೆ. ಅಳತೆ ಸರಿ ಇದೆಯಾ, ಬರಿ.

ಕೊಡೆ ಹಿಡಿಯುವವಳು


ಫೆಬ್ರವರಿ 12

ಕೊಡೆಯವಳಿಗೆ,

ನಿನ್ನ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು, ಅವರ ಬುದ್ಧಿವಾದವನ್ನು ವಾಪಸು ಕೊಡು. ಮೂಡ್ ನೋಡಿ ಕೇಳುವುದಕ್ಕೆ ಭಿಕ್ಷೆ ಅನ್ನುತ್ತಾರೆ. ಧಣಿಗೆ ನೆಗಡಿ ಇರಲಿ, ಹಲ್ಲುನೋವಿರಲಿ, ನಿನ್ನ ದುಡಿಮೆ ದುಡಿಮೆಯೇ. ಇಷ್ಟು ವರ್ಷ ಯೂನಿಯನ್ನಿನಲ್ಲಿ ಪೆಟ್ಟು ತಿಂದು ನಾವು ಕಲಿತದ್ದನ್ನು ಪುಕ್ಕಟೆ ಹೇಳುತ್ತೇನೆ, ಕೇಳು. ಒಬ್ಬಳೇ ಹೋಗಬೇಡ, ಹಿರಿಯರನ್ನೂ ಸ್ಪ್ಯಾನರ್ ಮಾವನನ್ನೂ ಕರೆದುಕೊಂಡು ಹೋಗು. ನಿಂತು ಕೇಳಬೇಡ, ಕುರ್ಚಿ ಎಳೆದುಕೊಂಡು ಕೂತು ಕೇಳು. ಅವರು ಕೂತು ನೀನು ನಿಂತಿದ್ದರೆ, ಬಾಯಿ ತೆರೆಯುವ ಮೊದಲೇ ಸೋತಿರುತ್ತೀಯ.

ಚಪ್ಪಲಿ ಬಂತು. ಕಾಲಿಂದ ತೆಗೆಯುತ್ತಲೇ ಇಲ್ಲ.

ಮೊನ್ನೆ ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಮಧ್ಯಾಹ್ನ ಮನೆಯಲ್ಲಿ ಯಾಕಿದ್ದೆ ಅಂತ ಕೇಳಬೇಡ, ಡ್ಯೂಟಿ ಬದಲಾಗಿದೆ. ಮೇಲೆ ಒಂದು ವಿಮಾನ ಹೋಯಿತು. ಆಕಾಶದಲ್ಲಿ ಹೋಗುವ ಯಾವ ವಿಮಾನವಾದರೂ ಅವಳಿಗೆ ಅಮ್ಮನೇ. ಕೈ ಬೀಸಿದಳು, ಬೀಸಿದಳು, ಅದು ಮರೆಯಾದ ಮೇಲೆ ಕೈ ಇಳಿಸಿ ಕೇಳಿದಳು: "ಅಪ್ಪಾ, ಕೈ ತೋರಿಸಿದ್ರೆ ನಿನ್ನ ಬಸ್ಸು ನಿಲ್ಲುತ್ತಲ್ಲ, ಅಮ್ಮಂದು ಯಾಕೆ ನಿಲ್ಲಲ್ಲ?"

ಡಿಪೋ ಗೇಟಿನ ಯೂನಿಯನ್ ಮೀಟಿಂಗಿನಲ್ಲಿ ಮೈಕಿಲ್ಲದೆ ಕೂಗುವವನು ನಾನು. ಆಗ ಬಾಚಣಿಗೆ ಹುಡುಕತೊಡಗಿದೆ. ಅದು ನನ್ನ ಕೈಯಲ್ಲೇ ಇತ್ತು.

ನೀನು ಕಲಿಯುವಾಗ ಹಾಕುತ್ತಿದ್ದ ಹಳೆಯ ಹೆಗಲಪಟ್ಟಿ ಸಿಕ್ಕಿದೆ. ಅವಳ ಗೊಂಬೆ ಈಗ ಪೈಲಟ್. ಗೊಂಬೆಗೂ ರಜೆ ಸಿಗುವುದಿಲ್ಲವಂತೆ.

ಕೇಳು. ಗಟ್ಟಿಯಾಗಿ ಕೇಳು. ಮನೆ ಇದೆ, ನಾನಿದ್ದೇನೆ, ಹೆದರಬೇಡ.

ಕೆಳಗಿನವನು


ಮಾರ್ಚ್ 2

ನಿನಗೆ,

ನಾನು ಕೇಳುವ ಮೊದಲೇ ಉತ್ತರ ಬಂದುಬಿಟ್ಟಿದೆ. ಹೇಗೆ ಅಂತ ನಿಧಾನಕ್ಕೆ ಹೇಳುತ್ತೇನೆ, ನಡುವೆ ಹಲ್ಲು ಕಡಿಯಬೇಡ.

ನಮ್ಮಲ್ಲಿ ಒಂದು ನಿಯಮವಿದೆ. ಇಳಿಯುತ್ತಾ ಹತ್ತು ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ ಮುಂದಿನ ಎರಡು ಸೀಟಿನಲ್ಲಿ ವಿಮಾನದ ಮಾತು ಬಿಟ್ಟು ಬೇರೆ ಮಾತಿಲ್ಲ. ತಮಾಷೆ ಇಲ್ಲ, ಮನೆಯ ಸುದ್ದಿ ಇಲ್ಲ. ಹಿಂದೆ ಯಾರೋ ಹರಟೆ ಹೊಡೆಯುತ್ತಾ ನೆಲಕ್ಕೆ ಬಡಿದು ಸತ್ತಿದ್ದಾರೆ, ಅದಕ್ಕೇ ಈ ನಿಯಮ. ನನಗೆ ಅದು ಉಸಿರಾಟದಷ್ಟೇ ಅಭ್ಯಾಸ.

ಶುಕ್ರವಾರ ಧಣಿಯನ್ನು ಕರೆದುಕೊಂಡು ವಾಪಸು ಬರುತ್ತಿದ್ದೆವು. ಹಿರಿಯರು ಪಾಪ, ನನಗೆ ಸಹಾಯವಾಗಲಿ ಅಂತ ಹೊರಡುವಾಗಲೇ ಅವರ ಕಿವಿಗೆ ಹಾಕಿದ್ದರು, ಹುಡುಗಿ ಸಂಬಳದ ಮಾತಾಡಬೇಕಂತಿದ್ದಾಳೆ ಅಂತ. ದಾರಿಯುದ್ದಕ್ಕೂ ಧಣಿ ಮಾತೆತ್ತಲಿಲ್ಲ. ವಿಮಾನ ಇಳಿಯತೊಡಗಿತು. ರನ್‌ವೇ ಕಾಣುವ ಹೊತ್ತಿಗೆ ಎದ್ದು ಬಂದು, ಪರದೆ ಸರಿಸಿ, ನಮ್ಮಿಬ್ಬರ ನಡುವೆ ತಲೆ ತೂರಿಸಿ ಹೇಳಿದರು: "ಏನಮ್ಮಾ, ಸಂಬಳದ ವಿಷಯ ಏನೋ ಇದೆಯಂತೆ. ಈ ವರ್ಷ ಹೀಗೇ ನಡ್ಕೊಂಡು ಹೋಗ್ಲಿ, ಅಲ್ವಾ?"

ಅದೇ ಕ್ಷಣ ವಿಮಾನ ನಿಲ್ದಾಣದ ಟವರಿನವರು ಕಿವಿಯಲ್ಲಿ ದಿಕ್ಕು ಬದಲಿಸಲು ಹೇಳುತ್ತಿದ್ದರು. ನಾನು ಅಂಗೈ ಎತ್ತಿದೆ. ತಡೀರಿ ಅಂತ. ಹಿರಿಯರು, ಸರ್ ಬೆಲ್ಟ್ ಹಾಕ್ಕೊಳ್ಳಿ ಅಂದರು. ಆ ಎತ್ತರದಲ್ಲಿ ಅವರು ಆಡಬಹುದಾದ ಮಾತು ಅದೊಂದೇ. ಧಣಿ ನನ್ನ ಹೆಗಲು ತಟ್ಟಿ, ಒಳ್ಳೆ ಹುಡುಗಿ ಅಂತ ಹೇಳಿ ಹೋಗಿ ಕೂತರು.

ಇಳಿದೆವು. ಇಂಜಿನ್ ಆರಿಸುವಷ್ಟರಲ್ಲಿ ಕಾರು ರೆಕ್ಕೆಯ ಹತ್ತಿರಕ್ಕೇ ಬಂದು ನಿಂತಿತ್ತು. ನಾನು ಕೊಡೆ ಬಿಚ್ಚಿಕೊಂಡು ಹಿಂದೆ ಓಡಿದೆ. ಮಳೆ ಇರಲಿಲ್ಲ, ಬಿಸಿಲೂ ಇರಲಿಲ್ಲ. ಅವರ ಹತ್ತಿರ ಹೋಗಲಿಕ್ಕೆ ನನಗೆ ಬೇರೆ ನೆವ ಇರಲಿಲ್ಲ. ಗಾಜು ಮೇಲೇರಿತು, ಕಾರು ಹೋಯಿತು.

ಸೋಮವಾರ ಏರಿಕೆ ಕೇಳಲು ಆಫೀಸಿನ ಲೆಕ್ಕದವರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಮೇಡಂ, ನೀವೇ ಬೇಡ ಅಂದ್ರಂತಲ್ಲ. ಕೈಯಲ್ಲೇ ಬೇಡ ಅಂತ ತೋರಿಸಿದ್ರಂತೆ. ಸಾಹೇಬ್ರಿಗೆ ಬಹಳ ಖುಷಿ ಆಗಿದೆ."

ನಗಬೇಕೋ ಅಳಬೇಕೋ, ನೀನೇ ಹೇಳು. ಅವರ ಜೀವ ಉಳಿಯಲಿ ಅಂತ ನಾನು ಬಾಯಿ ಮುಚ್ಚಿದ್ದೆ. ಅದನ್ನೇ ಒಪ್ಪಿಗೆ ಅಂತ ಜೇಬಿಗೆ ಹಾಕಿಕೊಂಡರು.

ಹದಿನೆಂಟಕ್ಕೆ ಮಗಳ ಹುಟ್ಟುಹಬ್ಬ. ಏನೇ ಆಗಲಿ ಬರುತ್ತೇನೆ. ಬಂದು ನಿನ್ನ ಪಕ್ಕ ಕೂತು ಬೈಗುಳ ಕೇಳುತ್ತೇನೆ. ಬೈಯುವಾಗ ನಿನ್ನ ಮೂಗು ಕೆಂಪಾಗುತ್ತದಲ್ಲ, ಅದನ್ನು ನೋಡಿ ಎಷ್ಟು ದಿನವಾಯಿತು.

ಬಲ ಸೀಟಿನವಳು


ಮಾರ್ಚ್ 9

ಬಲ ಸೀಟಿನವಳಿಗೆ,

ನೀನು ಬರುವವರೆಗೆ ಬೈಗುಳ ಹಿಡಿದಿಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ.

ಕೈ ಎತ್ತಿದೆಯಾ? ಕೈ ಎತ್ತಿದರೆ ಬಸ್ಸು ನಿಲ್ಲುತ್ತದೆ, ಧಣಿ ನಿಲ್ಲುವುದಿಲ್ಲ ಅಂತ ಈ ವಯಸ್ಸಿನಲ್ಲಿ ಹೇಳಿಕೊಡಬೇಕಾ? ಮೇಲೆ ಮಾತಾಡಬಾರದು, ಸರಿ. ಕೆಳಗೆ ಏನಾಗಿತ್ತು? ಕಾರಿನ ಮುಂದೆ ನಿಲ್ಲಬೇಕಿತ್ತು. ಲೆಕ್ಕದವರ ಮೇಜು ಗುದ್ದಬೇಕಿತ್ತು. ನೀನು ಕೊಡೆ ಬಿಚ್ಚಿಕೊಂಡು ಓಡಿದೆಯಂತೆ. ಓದಿ ಕಾಗದವನ್ನು ಮೇಜಿನ ಮೇಲೆ ಎಸೆದೆ. ಒಬ್ಬಳೇ ಹೋಗಬೇಡ ಅಂದಿದ್ದೆ. ಹಿರಿಯರ ಕೈಯಲ್ಲಿ ಚಾಡಿ ಹೇಳಿಸುವುದಕ್ಕೆ ಸಂಘಟನೆ ಅನ್ನುವುದಿಲ್ಲ.

ನನಗೆ ಒಂದೇ ಅನುಮಾನ. ನೀನು ಆ ಸೋಫಾಗಳಿಗೆ ಒಗ್ಗಿಹೋಗಿದ್ದೀಯ. ಒಂದು ತಟ್ಟೆ, ಒಂದು ಮಂಚ, ಕಿಟಕಿಯಾಚೆ ರನ್‌ವೇ. ಅಲ್ಲಿ ನಮ್ಮ ಗದ್ದಲ ಇಲ್ಲ. ಮನೆ ಸಿಗದೆ ಇದ್ದರೂ ನಿನಗೆ ಅಂಥ ನಷ್ಟವೇನಿಲ್ಲ.

ಹದಿನೆಂಟಕ್ಕೆ ಬಾ. ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.


ಏಪ್ರಿಲ್ 6

ನೀನು ಬರಲಿಲ್ಲ. ಫೋನಿನಲ್ಲಿ ಎರಡು ಮಾತು, 'ಬರೋಕಾಗ್ತಿಲ್ಲ, ಹಾರಬೇಕು', ಅಷ್ಟೇ. ಆಮೇಲೆ ಕಾಗದವಿಲ್ಲ. ನಾನು ಫೋನ್ ಮಾಡಿದರೆ, ಆಮೇಲೆ ಬರೀತೀನಿ ಅನ್ನುತ್ತೀಯ.

ನಿನ್ನ ಮೌನವನ್ನು ನನಗೆ ತಿಳಿದ ಹಾಗೆ ಓದಿಕೊಂಡಿದ್ದೇನೆ. ಮಗಳು ಮುಂದಿನ ವರ್ಷವೂ ಇಲ್ಲೇ ಓದುತ್ತಾಳೆ ಅಂತ ಶಾಲೆಗೆ ಹೇಳಿಬಂದೆ. ಈ ಮನೆಯ ಬಾಡಿಗೆ ಕರಾರನ್ನೂ ಮುಂದುವರಿಸಿದೆ. ನಿನಗೂ ಇದೇ ಬೇಕಾಗಿತ್ತು ಅಂದುಕೊಳ್ಳುತ್ತೇನೆ.

ಕೇಕಿನ ಒಂದು ತುಂಡು ನಿನಗೆ ಅಂತ ಎತ್ತಿಟ್ಟಿದ್ದಳು. ಇರುವೆ ಹತ್ತಿದ ಮೇಲೂ ಎಸೆಯಲು ಬಿಡಲಿಲ್ಲ.


ಏಪ್ರಿಲ್ 20

ನಿನಗೆ,

ನೀನೂ ಅದನ್ನೇ ಮಾಡಿದೆ.

ಇನ್ನೊಂದು ಸಲ ಬರೆಯುತ್ತೇನೆ, ಜೋರಾಗಿ ಓದಿಕೋ. ನೀನೂ ಅದನ್ನೇ ಮಾಡಿದೆ. ನಾನು ಸುಮ್ಮನಿದ್ದೆ, ನೀನು ಒಪ್ಪಿಗೆ ಅಂತ ಬರೆದುಕೊಂಡು ಸಹಿ ಹಾಕಿ ಬಂದೆ. ಧಣಿಗಾದರೆ ಲಾಭವಿದೆ. ಇಷ್ಟು ವರ್ಷ ಗೇಟಿನಲ್ಲಿ ಕೂಗಿದವನಿಗೆ ಏನು ಬಂತು?

ಮಾರ್ಚ್ ಹದಿನೇಳರ ಸಂಜೆ ನಾನು ಬಸ್ ನಿಲ್ದಾಣದಲ್ಲಿದ್ದೆ. ಟಿಕೆಟ್ ತೆಗೆದುಕೊಂಡಿದ್ದೆ. ಮಗಳಿಗೆ ಬಣ್ಣದ ಪೆನ್ಸಿಲ್ ತೆಗೆದುಕೊಂಡಿದ್ದೆ. ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಫೋನು ಬಂತು, ಧಣಿಯ ಅತಿಥಿಗಳನ್ನು ಬೆಳಗ್ಗೆ ಕರೆದೊಯ್ಯಬೇಕು ಅಂತ. ಕಾಲು ಇಳಿಸಿದೆ. ಡ್ರೈವರ್ ನನ್ನನ್ನು ನೋಡಿದ ರೀತಿ ನಿನ್ನದೇ. ಹತ್ತುತ್ತೀಯೋ ಇಲ್ಲವೋ, ಬೇಗ ಹೇಳು ಅಂತ. ಕೆಲಸ ಹೋದರೆ ಮನೆಯ ಆಸೆಯೂ ಹೋಗುತ್ತದೆ ಅಂತ ಹೆದರಿ ಶೆಡ್ಡಿಗೆ ಹೋದೆ. ಪೆನ್ಸಿಲುಗಳು ಇನ್ನೂ ನನ್ನ ಬ್ಯಾಗಿನಲ್ಲಿವೆ.

ಒಗ್ಗಿಹೋಗಿದ್ದೀಯ ಅಂದೆಯಲ್ಲ. ಒಂದೇ ತಟ್ಟೆ ಯಾಕೆ ಗೊತ್ತಾ? ಇನ್ನೆರಡು ಕೊಂಡರೆ ಇಡೀ ದಿನ ಅವು ಖಾಲಿ ಕಾಣುತ್ತವೆ, ಅದಕ್ಕೆ.

ಯಾಕೆ ಬರೆಯಲಿಲ್ಲ? ಬರೆಯಲು ಕೂತಾಗಲೆಲ್ಲ ಅಂಗಲಾಚುವ ಮಾತೇ ಬರುತ್ತಿತ್ತು. ನಿನ್ನ ಮುಂದೆಯೂ ಕೈ ಒಡ್ಡಲಿಕ್ಕೆ ಇಷ್ಟವಿರಲಿಲ್ಲ. ಹೇಳುವಂಥದ್ದು ಏನಾದರೂ ಆಗಲಿ, ಆಮೇಲೆ ಬರೆಯೋಣ ಅಂತಿದ್ದೆ. ಈಗ ಆಗಿದೆ.

ಮೊನ್ನೆ ಶೆಡ್ಡಿನಲ್ಲಿ ಚಹಾ ಕುಡಿಯುತ್ತಾ ನನ್ನ ಅಂಗೈ ಕಥೆಯನ್ನು ಸ್ಪ್ಯಾನರ್ ಮಾವನಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. ಅವರದೂ ಅದೇ ಕಥೆಯಂತೆ. ಇಂಜಿನ್ ಓಡುತ್ತಿರುವಾಗ, ಅವರು ಕಿವಿಗೆ ಮುಚ್ಚಳ ಹಾಕಿಕೊಂಡು ರೆಕ್ಕೆಯ ಕೆಳಗೆ ಇರುವಾಗ, ಧಣಿ ಬಂದು ತುಟಿ ಆಡಿಸುತ್ತಾರಂತೆ. ಎಲ್ಲ ಸರಿ ಇದೆಯಾ ಅಂತ ಕೇಳುತ್ತಿದ್ದಾರೆ ಅಂತ ಇವರು ತಲೆ ಆಡಿಸುತ್ತಾರಂತೆ. ಹಾಗೆ ತಲೆ ಆಡಿಸಿಯೇ ಇವರ ಸಂಬಳ ಎಷ್ಟೋ ವರ್ಷದಿಂದ ನಿಂತಲ್ಲೇ ನಿಂತಿದೆ.

ಹಿರಿಯರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ, ನನಗೂ ಅಷ್ಟೇ ಅಂದರು. ಪ್ರತಿ ವರ್ಷ, ಇಳಿಯುವಾಗಲೇ. "ಅವರಿಗೆ ನಿಯಮ ಗೊತ್ತಿಲ್ಲ, ಬಿಡಿ" ಅಂದರು.

"ಗೊತ್ತಿಲ್ಲದೋರು ವರ್ಷಾ ವರ್ಷಾ ಅದೇ ಎತ್ತರಕ್ಕೆ ಸರಿಯಾಗಿ ಎದ್ದು ಬರ್ತಾರಾ ಸ್ವಾಮೀ?" ಅಂದರು ಸ್ಪ್ಯಾನರ್ ಮಾವ.

ಹಿರಿಯರ ಮುಖ ನೀನು ನೋಡಬೇಕಿತ್ತು. ಅಷ್ಟು ವರ್ಷದ ಮರ್ಯಾದೆ ಒಂದೇ ಲೋಟ ಚಹಾದಲ್ಲಿ ಕರಗಿಹೋಯಿತು. ಅವತ್ತೇ ಒಂದು ಹಾಳೆ ಬರೆದೆವು. ಮೂವರ ಸಂಬಳ, ಮೂವರ ರಜೆ. ಮಾತುಕತೆ ನೆಲದ ಮೇಲೆ, ಇಂಜಿನ್ ಆರಿಸಿ, ಮೇಜಿನ ಸುತ್ತ ಕೂತು. ಮೊದಲ ಸಹಿ ಹಿರಿಯರದು. ಪೆನ್ನನ್ನು ಎರಡು ಸಲ ಕೆಳಗಿಟ್ಟರು. ಆದರೂ ಹಾಕಿದರು. ಹಾಳೆ ಧಣಿಯ ಆಫೀಸಿಗೆ ಹೋಗಿದೆ.

ನೀನು ಹೇಳಿದ್ದನ್ನೇ ಮಾಡಿದ್ದೇನೆ. ಹೇಳಿದವನೇ ನನ್ನನ್ನು ಕೈಬಿಟ್ಟಿದ್ದ ಹೊತ್ತಿನಲ್ಲಿ ಮಾಡಿದ್ದೇನೆ.


ಏಪ್ರಿಲ್ 27

ನಿನಗೆ,

ಎರಡು ಸಲ ಜೋರಾಗಿ ಓದಿಕೊಂಡೆ. ಮಗಳು ಬಾಗಿಲಲ್ಲಿ ನಿಂತು, ಅಮ್ಮ ಯಾಕೆ ಬೈತಿದ್ದಾಳೆ ಅಂತ ಕೇಳಿದಳು. ಸರಿಯಾಗಿಯೇ ಬೈತಿದ್ದಾಳೆ ಅಂದೆ.

ಶಾಲೆಗೆ ಹೋಗಿ ಹೇಳಿದ್ದನ್ನು ವಾಪಸು ತೆಗೆದುಕೊಂಡೆ. ಮನೆ ಮಾಲೀಕರು ಕರಾರು ಹರಿಯಲು ಒಪ್ಪಿದ್ದಾರೆ, ಮುಖ ಗಂಟಿಕ್ಕಿಕೊಂಡು.

ಈಗ ನಾನು ಮುಚ್ಚಿಟ್ಟದ್ದು. ಡ್ಯೂಟಿ ಬದಲಾಗಿಲ್ಲ. ಡ್ಯೂಟಿಯೇ ಇಲ್ಲ. ಜನವರಿಯ ಮುಷ್ಕರದ ಮರುದಿನ ನನ್ನನ್ನು ಅಮಾನತು ಮಾಡಿದ್ದಾರೆ. ಬೆಳಗ್ಗೆ, ಸಂಜೆ ಒಂದು ಶಾಲೆಯ ವ್ಯಾನ್ ಓಡಿಸುತ್ತೇನೆ, ನಡುವೆ ಮನೆಯಲ್ಲಿರುತ್ತೇನೆ. ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಮನೆಯಲ್ಲಿ ಇರುವುದು ಒಂದೇ ಸಂಬಳ ಅಂತ ಗೊತ್ತಿದ್ದವರು ಮೆಲ್ಲಗೆ ಕೇಳುತ್ತಾರೆ. ನೀನು ಗಟ್ಟಿಯಾಗಿ ಕೇಳಬೇಕಿತ್ತು. ನಾನು ಗಟ್ಟಿಯಾಗಿ ಕೇಳಿದ್ದಕ್ಕೆ ಮನೆಗೆ ಬಂದವನು. ಅದು ಗೊತ್ತಾದರೆ ನೀನು ಬಾಯಿಯನ್ನೇ ತೆರೆಯುವುದಿಲ್ಲ ಅಂತ ಹೆದರಿದ್ದೆ. ಆ ಹೆದರಿಕೆಯೇ ಕೋಪವಾಗಿ ನಿನ್ನ ಮೇಲೆ ಬಿತ್ತು.

ಇನ್ನೊಂದು. ಚಪ್ಪಲಿ ಚಿಕ್ಕದಾಗಿದೆ. ಬಂದ ದಿನವೇ ಚಿಕ್ಕದಾಗಿತ್ತು. ಹಿಮ್ಮಡಿ ಅರ್ಧ ನೆಲದ ಮೇಲೆ ಎಳೆಯುತ್ತದೆ. ಬದಲಾಯಿಸಿ ತರುತ್ತೇನೆ ಅಂದರೆ ಕೊಡುವುದಿಲ್ಲ. "ಅಮ್ಮಂಗೆ ನನ್ನ ಕಾಲು ಇಷ್ಟೇ ಗೊತ್ತು, ಇರ್ಲಿ ಬಿಡು" ಅಂದಳು. ಇದನ್ನು ನಿನಗೆ ಬರೆಯುವ ಧೈರ್ಯ ಇಷ್ಟು ದಿನ ಬರಲಿಲ್ಲ.

ಹಲ್ಲಿನ ಕಥೆಯನ್ನು ನಾನು ಹೇಳುವ ಹಾಗಿಲ್ಲವಂತೆ. ಅವಳೇ ಹೇಳುತ್ತಾಳಂತೆ.

ಕೆಳಗಿನವನು


ಮೇ 4

ನನ್ನ ಕೆಲಸವಿಲ್ಲದ ಡ್ರೈವರನಿಗೆ,

ನಿನ್ನ ಕಾಗದ ಬಂದ ಮರುದಿನವೇ ಲೆಕ್ಕದವರು ನನ್ನ ಕೋಣೆಗೆ ಬಂದರು. ಕೂರಲು ಕುರ್ಚಿ ಇರಲಿಲ್ಲ, ಮಂಚದ ತುದಿಯಲ್ಲಿ ಕೂತರು. ಧಣಿ ಹೇಳಿಕಳಿಸಿದ್ದಾರೆ: ಸಂಬಳ ಏರಿಕೆ ಆಗಲಿ, ಮನೆಯೂ ಆಗಲಿ, ನಾಲ್ಕನೇ ಪಟ್ಟಿಯೂ ಆಗಲಿ. ನನಗೆ ಮಾತ್ರ. ಆ ಹಾಳೆಯಿಂದ ನನ್ನ ಹೆಸರು ತೆಗೆದರೆ ಸಾಕು. ನಾಳೆ ಹೇಳಿ ಅಂದು ಎದ್ದುಹೋದರು.

ಆ ಸಂಜೆ ಎರಡು ಕೋಣೆಯ ಮನೆಗೆ ಹೋದೆ. ಬೀಗದ ಕೈ ಇಸಿದುಕೊಂಡು ಒಬ್ಬಳೇ ಒಳಗೆ ನಿಂತೆ. ನಲ್ಲಿ ತಿರುಗಿಸಿದೆ, ನೀರು ಬಂತು. ಅಡುಗೆಮನೆಯ ಕಿಟಕಿ ತಗ್ಗಿನಲ್ಲಿದೆ, ಮಗಳ ಗಲ್ಲಕ್ಕೆ ಬರುತ್ತದೆ ಅಂತ ಕೈಯಲ್ಲಿ ಅಳೆದು ನೋಡಿದೆ. ಆಮೇಲೆ ಚಪ್ಪಲಿ ನೆನಪಾಯಿತು. ಅವಳ ಗಲ್ಲ ಈಗ ಎಲ್ಲಿಗೆ ಬಂದಿದೆಯೋ ನನಗೆ ಗೊತ್ತಿಲ್ಲ. ಖಾಲಿ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಒಂದು ಹೆಸರು ಹೊಡೆದುಹಾಕಿದರೆ ಜೂನ್‌ಗೆ ನೀವಿಬ್ಬರೂ ಆ ಕಿಟಕಿಯ ಹತ್ತಿರ ಇರುತ್ತೀರಿ. ನಿನ್ನ ಸಂಬಳವೂ ಇಲ್ಲ ಅಂತ ಈಗ ಗೊತ್ತು. ನೀನು ಹೆದರಿದ್ದು ಸುಳ್ಳಲ್ಲ. ಗಟ್ಟಿಯಾಗಿ ಕೇಳಬೇಕಾದ ನನ್ನ ದನಿ ಮೆತ್ತಗಾಗುತ್ತಿತ್ತು.

ಆದರೆ ನಾನು ಹೆಸರು ತೆಗೆದ ದಿನವೇ ಸ್ಪ್ಯಾನರ್ ಮಾವ ಬೀದಿಗೆ ಬೀಳುತ್ತಾರೆ, ಅವರ ಹಿಂದೆ ಹಿರಿಯರು. ಆಮೇಲೆ ಆ ಮನೆಯಲ್ಲಿ ಕೂತು ನಾನು ನಿನ್ನ ಮುಖ ನೋಡಬೇಕು. ನಲ್ಲಿ ನಿಲ್ಲಿಸಿ, ಬೀಗ ಹಾಕಿ ಬಂದೆ. ಲೆಕ್ಕದವರಿಗೆ ಹೇಳಿದೆ, ಮೂವರ ಮಾತು ಮೂವರ ಮುಂದೆ.

ನಿನ್ನೆ ಧಣಿಯನ್ನೂ ಇಬ್ಬರು ಅತಿಥಿಗಳನ್ನೂ ಕರೆದುಕೊಂಡು ಬರುತ್ತಿದ್ದೆವು. ಸ್ಪ್ಯಾನರ್ ಮಾವ ಹೊರಡುವ ಮೊದಲೇ ಒಂದು ತಗಡಿನ ತುಂಡಿಗೆ ಕೆಂಪು ಬಣ್ಣದಲ್ಲಿ ಬರೆದು, ಪರದೆಯ ಆಚೆ ಬದಿಗೆ ನೇತುಹಾಕಿದ್ದರು: 'ಇಳಿಯುವಾಗ ಮಾತಿಲ್ಲ. ಕೈ ಎತ್ತಿದರೆ ಒಪ್ಪಿಗೆ ಅಲ್ಲ.' ಧಣಿ ಅದೇ ಎತ್ತರಕ್ಕೆ ಸರಿಯಾಗಿ ಎದ್ದು ಬಂದರು. ಹೆಜ್ಜೆ ಕೇಳಿತು. ಪರದೆಯ ಹತ್ತಿರ ನಿಂತಿತು. ಹಿಂದಿರುಗಿತು. ನಾವಿಬ್ಬರೂ ನಗಲಿಲ್ಲ. ನಿಯಮ ನಿಯಮವೇ.

ಇಳಿದು ಇಂಜಿನ್ ಆರಿಸಿದ ಮೇಲೆ ಹಿರಿಯರು ಎದ್ದು, ಟೋಪಿ ಸರಿಮಾಡಿಕೊಂಡು, ಅತಿಥಿಗಳ ಮುಂದೆಯೇ ಹೇಳಿದರು: "ಸರ್, ಈಗ ನೆಲದ ಮೇಲಿದ್ದೀವಿ. ಈಗ ಕೇಳಿ."

ಧಣಿ ಅತಿಥಿಗಳನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಫೋನು ನೋಡಿ ಮಾತುಕತೆಗೆ ಒಂದು ದಿನ ಹೇಳಿದರು. ಹೊರಗೆ ಮಳೆ ಸುರಿಯುತ್ತಿತ್ತು. ಕೊಡೆ ನನ್ನ ಕೈಯಲ್ಲೇ ಇತ್ತು, ಮಡಚಿದ ಹಾಗೆಯೇ. ಅವರು ನೆನೆಯುತ್ತಾ ಇಳಿದುಹೋದರು.

ಗೆಲ್ಲುತ್ತೇವೆ ಅಂತ ಹೇಳಲಾರೆ. ಆ ದಿನ ಸಂಜೆಯ ಹೊತ್ತಿಗೆ ಮೂವರಿಗೂ ಕೆಲಸ ಇಲ್ಲದಿರಬಹುದು. ಆಗ ನಿನ್ನ ವ್ಯಾನಿನಲ್ಲಿ ನನಗೊಂದು ಸೀಟು ಇಡು. ಎಡದ್ದಾದರೂ ಸರಿ, ಬಲದ್ದಾದರೂ ಸರಿ.

ನೀನು ಬಾ. ಗೇಟಿನಲ್ಲಿ ಘೋಷಣೆ ಕೂಗಲಿಕ್ಕಲ್ಲ. ಮಗಳನ್ನು ಕರೆದುಕೊಂಡು ಬಾ. ಶೆಡ್ಡಿನ ಪಕ್ಕ ತಂತಿಬೇಲಿ ಇದೆ, ಅದರಾಚೆಗೇ ವಿಮಾನ. ಅವಳನ್ನು ಹೆಗಲ ಮೇಲೆ ಕೂರಿಸಿಕೋ, ಕೈ ತೋರಿಸಲು ಹೇಳು. ಮಾತು ಮುಗಿಯುವವರೆಗೆ ಅದು ಹಾರುವುದಿಲ್ಲ ಅಂತ ಮೂವರೂ ತೀರ್ಮಾನಿಸಿದ್ದೇವೆ. ಅವಳು ಕೈ ತೋರಿಸಿದಾಗ ಅಮ್ಮನ ವಿಮಾನ ನಿಂತಿರುತ್ತದೆ.

ಮುಂದಿನ ವಾರ, ಗುರುವಾರ, ಬೆಳಗ್ಗೆ ಹತ್ತು ಗಂಟೆ.